ನಕ್ಕವರು ಉತ್ತರ ಕೊಡತಕ್ಕದ್ದು

ಕಳೆದ ಸಾಲಿನ ಪ್ರವಾಸದಲ್ಲಿ ಹತ್ತನೆಯ ತರಗತಿಯ ಬಾಲಿಕೆಯರನ್ನು ಕರೆದುಕೊಂಡು ನಾವು ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಹೋಗಿದ್ದೆವು. ಅಲ್ಲಿನ ಕಾಲಭೈರವೇಶ್ವರ ದೇವಾಲಯವನ್ನೂ ಅದರ ಸುತ್ತಣ ಹುಲ್ಲುಹೊದೆದ ಬೆಟ್ಟಗಳನ್ನೂ ವಾಚಕರಲ್ಲಿ ಅನೇಕರು ಕಂಡಿರಬಹುದು. ನಾವು ಮೇಲೆ ತಲುಪಿದ ಗಳಿಗೆಗೆ ಸರಿಯಾಗಿ ಕಣಿವೆಯಿಂದ ಮಂಜು ಎದ್ದುಬಂದು, ಹತ್ತು ಮಾರು ದೂರದಲ್ಲಿ ನಿಂತವರ ಮುಖವೂ ಕಾಣದಂತಾಯಿತು. ಅದೇ ಸಮಯದಲ್ಲಿ ಉಪಾಧ್ಯಾಯಿನಿಯರ ಮೊಬೈಲುಗಳಲ್ಲಿ ಸಂಪರ್ಕದ ಗೆರೆಗಳು ಒಂದೊಂದಾಗಿ ಅಳಿದುಹೋದುವು. ಆಗ ಬಾಲಿಕೆಯರಲ್ಲೊಬ್ಬಳು, "ಟೀಚರ್, ದೇವರ ಮನೆಯ ಬಾಗಿಲಿಗೇ ಬಂದಮೇಲೆ ಇನ್ನು ಟವರಿನ ಹಂಗೇಕೆ? ನೇರವಾಗಿ ಕೂಗಿದರೆ ಸಾಲದೆ?" ಎಂದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು.

ಆ ನಗೆ ಅಡಗುವುದರೊಳಗೆ, ತರಗತಿಯಲ್ಲಿ ಹೆಚ್ಚು ಮಾತನಾಡದ ಇನ್ನೊಬ್ಬಳು, "ಟೀಚರ್, ಮಂಜು ಬಂದರೆ ಸಿಗ್ನಲ್ ಏಕೆ ಹೋಗುತ್ತದೆ?" ಎಂದು ಕೇಳಿದಳು. ಕೂಡಲೇ ಹಿಂದಿನಿಂದ ಯಾರೋ, "ಅದಕ್ಕೂ ಚಳಿಯಾಗಿ ಕಂಬಳಿ ಹೊದ್ದು ಮಲಗಿತಮ್ಮ!" ಎಂದರು. ಮತ್ತೆ ನಗೆಯೆದ್ದಿತು. ಆದರೆ ಈ ಸಲ ಕೇಳಿದವಳು ನಗಲಿಲ್ಲ. ಅವಳು ತಲೆ ತಗ್ಗಿಸಿದಳು. ಹಿಂದಿರುಗುವಾಗ ಬಸ್ಸಿನಲ್ಲಿ ಊರು ಸೇರುವವರೆಗೂ ಮಾತನಾಡಲಿಲ್ಲ.

ಬೆಟ್ಟವೊಂದೇ, ಬಾಲಿಕೆಯರು ಅವರೇ, ಕಾಲವು ಹತ್ತು ನಿಮಿಷಕ್ಕೆ ಮೀರಿದುದಲ್ಲ. ಆದರೂ ಮೊದಲನೆಯ ನಗೆಯು ನಮ್ಮೆಲ್ಲರನ್ನೂ ಹತ್ತಿರಕ್ಕೆ ತಂದಿತು; ಎರಡನೆಯದು ಒಬ್ಬಳನ್ನು ಹೊರಗಿಟ್ಟಿತು. ಅಂದಿನಿಂದ ನಮ್ಮ ಮನಸ್ಸನ್ನು ಬಿಡದ ಈ ವಿಷಯವನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡುವುದು ಯುಕ್ತವೆಂದು ತೋರಿತು. ಏಕೆಂದರೆ ನಮ್ಮ ಹಿರಿಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿಯೂ ಹೊರದೇಶಗಳಲ್ಲಿಯೂ ಕಂಪ್ಯೂಟರಿನ ಕೆಲಸದಲ್ಲಿದ್ದಾರೆ. ಈಗ ಕಲಿಯುತ್ತಿರುವವರಲ್ಲಿಯೂ ಅನೇಕರು ಆ ದಾರಿಯನ್ನೇ ಹಿಡಿಯತಕ್ಕವರು. ಯಂತ್ರವಿದ್ಯೆಯಲ್ಲಿ ಆಸಕ್ತಿಯುಳ್ಳವರು ತಮ್ಮತಮ್ಮೊಳಗೆ ವಿನೋದವಾಡುವುದರಲ್ಲಿ ಬಹು ಪ್ರಸಿದ್ಧರು. ಈ ವಿನೋದವು ಯಾವಾಗ ವಿದ್ಯೆಗೆ ಬಾಗಿಲಾಗುತ್ತದೆ, ಯಾವಾಗ ಬೀಗವಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಈ ಜನರು ನಗುವನ್ನೇ ಬಿಡಬೇಕೆಂದು ನಾವು ಹೇಳುವವರಲ್ಲ. ಅವರ ವಿನೋದದ ಚರಿತ್ರೆಯನ್ನು ಓದಿದಷ್ಟೂ ನಮಗೆ ಅದರಲ್ಲಿ ಗೌರವವೇ ಹೆಚ್ಚಿದೆ. 1947ನೆಯ ಇಸವಿ ಸೆಪ್ಟೆಂಬರ್ 9ರಂದು ಅಮೆರಿಕಾದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 'ಮಾರ್ಕ್ 2' ಎಂಬ ದೊಡ್ಡ ಲೆಕ್ಕದ ಯಂತ್ರವು ತಪ್ಪು ಮಾಡುತ್ತಿರಲು, ಅದರೊಳಗೆ ಹುಡುಕಿದವರಿಗೆ ಸಿಕ್ಕಿಕೊಂಡಿದ್ದ ಒಂದು ಪತಂಗ ದೊರೆಯಿತು. ಯಂತ್ರದ ದೋಷಕ್ಕೆ 'ಹುಳು' ಎಂಬರ್ಥದ ಇಂಗ್ಲಿಷ್ ಮಾತನ್ನು ಬಳಸುವ ರೂಢಿ ಅದಕ್ಕಿಂತ ಬಹು ಹಿಂದಿನದು. ಎಡಿಸನ್ನನ ಕಾಲದಲ್ಲಿಯೇ ಅದು ಇದ್ದಿತು. ಈಗ ನಿಜವಾದ ಹುಳುವೇ ಕೈಗೆ ಸಿಕ್ಕಿತಲ್ಲಾ ಎಂದು ನಕ್ಕು, ಅವರು ಅದನ್ನು ದಿನಚರಿಯ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಹಾಗೆಂದು ಬರೆದಿಟ್ಟರು. ಆ ಪುಟವು ಇಂದು ಅಮೆರಿಕಾದ ರಾಷ್ಟ್ರೀಯ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆಯು ಮುಂದೆ ತನ್ನ ಉಪನ್ಯಾಸಗಳಲ್ಲಿ ಈ ಕಥೆಯನ್ನು ಹೇಳಿ ಸಭಿಕರನ್ನು ನಗಿಸುತ್ತಿದ್ದಳು. ಗಣಿತಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದು, ಅಮೆರಿಕಾದ ನೌಕಾದಳದಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತಳಾದ ಈ ವಿದುಷಿಯ ಹೆಸರನ್ನು ನಮ್ಮ ಬಾಲಿಕೆಯರು ತಿಳಿದಿರಬೇಕು.

ಕಾಫಿಯ ಸೀಮೆಯವರಾದ ನಮಗೆ ಇದಕ್ಕಿಂತಲೂ ಪ್ರಿಯವಾಗತಕ್ಕ ಒಂದು ಸಂಗತಿಯುಂಟು. ಬಾಬಾಬುಡನ್ ಎಂಬ ಸಾಧುವು ಏಳು ಬೀಜಗಳನ್ನು ತಂದು ನಮ್ಮ ಗಿರಿಗಳಲ್ಲಿ ಬಿತ್ತಿದನೆಂಬ ಐತಿಹ್ಯವನ್ನು ಇಲ್ಲಿ ಮಕ್ಕಳೂ ಬಲ್ಲರು. ಆ ಪಾನೀಯವು ಇಂಟರ್ನೆಟ್ಟಿನ ವಿನೋದದಲ್ಲಿಯೂ ಮೇಲಿನ ಪೀಠದಲ್ಲಿ ಕುಳಿತಿದೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ಪ್ರಯೋಗಶಾಲೆಯಲ್ಲಿ ದೂರದ ಕೊಠಡಿಗಳಲ್ಲಿದ್ದವರು ಕಾಫಿಗೆಂದು ನಡೆದುಬಂದು ಬರಿದಾದ ಪಾತ್ರೆಯನ್ನು ಕಂಡು ಹಿಂದಿರುಗಬೇಕಾಗುತ್ತಿತ್ತು. ಅದರಿಂದ ಬೇಸತ್ತು, 1991ರಲ್ಲಿ ಅವರು ಆ ಪಾತ್ರೆಯೆದುರಿಗೆ ಒಂದು ಕ್ಯಾಮರಾವನ್ನು ನಿಲ್ಲಿಸಿ, ಪಾತ್ರೆಯ ಚಿತ್ರವು ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿ ಕಾಣುವಂತೆ ಮಾಡಿದರು. 1993ರಲ್ಲಿ ಆ ಚಿತ್ರವು ಲೋಕಕ್ಕೆಲ್ಲಾ ತೆರೆಯಿತು. ದೂರದೇಶದವರೂ ಕೇಂಬ್ರಿಜ್ಜಿನ ಆ ಪಾತ್ರೆಯಲ್ಲಿ ಕಾಫಿ ಎಷ್ಟಿದೆಯೆಂದು ನೋಡತೊಡಗಿದರು! 2001ರ ಆಗಸ್ಟ್ 22ರಂದು ಆ ಕ್ಯಾಮರಾವನ್ನು ನಿಲ್ಲಿಸಲಾಯಿತು. ಆ ಪಾತ್ರೆಯನ್ನು ಹರಾಜಿನಲ್ಲಿ ಜರ್ಮನಿಯ ಒಂದು ಪತ್ರಿಕೆಯವರು 3,350 ಪೌಂಡುಗಳಿಗೆ ಕೊಂಡರು. ತೋಟದ ಯಜಮಾನರು ಒಂದು ಮೂಟೆ ಕಾಫಿಗೆ ಎಷ್ಟು ಚೌಕಾಸಿ ಮಾಡಬೇಕಾಗುತ್ತದೆಂಬುದನ್ನು ಬಲ್ಲ ನಮಗೆ ಬರಿಯ ಪಾತ್ರೆಗೆ ಬಂದ ಈ ಬೆಲೆಯು ಸೋಜಿಗವೇ ಸರಿ.

1998ರ ಏಪ್ರಿಲ್ 1ರಂದು ಲ್ಯಾರಿ ಮಾಸಿಂಟರ್ ಎಂಬವರು ಕಾಫಿಯ ಪಾತ್ರೆಗಳನ್ನು ಇಂಟರ್ನೆಟ್ಟಿನ ಮೂಲಕ ನಡೆಸುವುದಕ್ಕೆ ನಿಯಮಾವಳಿಯೊಂದನ್ನು ಅತಿ ಗಂಭೀರವಾದ ಭಾಷೆಯಲ್ಲಿ ಪ್ರಕಟಿಸಿದರು. ಚಹದ ಪಾತ್ರೆಗೆ ಯಾರಾದರೂ ಕಾಫಿ ಮಾಡೆಂದು ಅಪ್ಪಣೆ ಕೊಟ್ಟರೆ, ಅದು '418: ನಾನು ಚಹದ ಪಾತ್ರೆ' ಎಂದು ವಿನಯದಿಂದ ಉತ್ತರಿಸತಕ್ಕದ್ದೆಂದು ಅದರಲ್ಲಿ ವಿಧಿಸಲಾಗಿತ್ತು. ಅದು ಏಪ್ರಿಲ್ ಒಂದರ ಕುಶಾಲು. ಆದರೂ ಅನೇಕ ತಂತ್ರಾಂಶಗಳೊಳಗೆ ಆ ಸಂಖ್ಯೆಯು ನಿಜವಾಗಿ ಸೇರಿಕೊಂಡಿತು. 2017ರಲ್ಲಿ ಅದನ್ನು ತೆಗೆದುಹಾಕಬೇಕೆಂಬ ಸೂಚನೆ ಬಂದಾಗ ಒಬ್ಬ ಎಳೆಯ ವಿದ್ಯಾರ್ಥಿಯು ಅದರ ಪಕ್ಷವಹಿಸಿ ವಾದಿಸಿದನು, ಅನುಭವಸ್ಥರು ಅನೇಕರು ಅವನೊಡನೆ ನಿಂತರು, 418 ಉಳಿಯಿತು. ವಾಚಕರು ಇದನ್ನು ಗಮನಿಸಬೇಕು. ಆ ಹಿರಿಯರ ನಗೆಯೊಳಕ್ಕೆ ಒಬ್ಬ ಹುಡುಗನು ಬರಬಹುದಾಗಿತ್ತು, ಬಂದು ಮಾತನಾಡಬಹುದಾಗಿತ್ತು, ಗೆಲ್ಲಲೂ ಬಹುದಾಗಿತ್ತು. ಒಳ್ಳೆಯ ವಿನೋದದ ಲಕ್ಷಣವೇ ಇದು.

ಹೀಗಿದ್ದರೂ, ಬರೆದ ಮಾತಿಗೆ ಮುಖವಿಲ್ಲವೆಂಬುದನ್ನು ಈ ಜನರೇ ಮೊದಲು ಕಂಡುಕೊಂಡರು. 1982ರ ಸೆಪ್ಟೆಂಬರಿನಲ್ಲಿ ಅಮೆರಿಕಾದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು, ತಮ್ಮ ಕಂಪ್ಯೂಟರುಗಳೊಳಗಿನ ಸೂಚನಾಫಲಕದಲ್ಲಿ, ಕೆಳಗೆ ಬೀಳುತ್ತಿರುವ ಲಿಫ್ಟಿನಲ್ಲಿ ಪಾದರಸದ ಹನಿಯ ಗತಿಯೇನಾದೀತೆಂದು ತರ್ಕಿಸುತ್ತಿದ್ದರು. ಒಬ್ಬರು ತಮಾಷೆಗೆಂದು, ಪ್ರಯೋಗದ ಫಲವಾಗಿ ಎಡಗಡೆಯ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಎಚ್ಚರವಿರಲಿ ಎಂದು ಬರೆದರು. ಅದನ್ನು ನಿಜವೆಂದು ನಂಬಿದವರೂ ಇದ್ದರು. ಆಗ ಸ್ಕಾಟ್ ಫಾಲ್ಮನ್ ಎಂಬ ಅಧ್ಯಾಪಕರು ಅದೇ ತಿಂಗಳ 19ರಂದು, ತಮಾಷೆಯ ಮಾತಿನ ಕೊನೆಗೆ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ, ಇವನ್ನು ಸೇರಿಸಿ ಅಡ್ಡಬಿದ್ದ ನಗುಮುಖವನ್ನು ಬರೆಯಬೇಕೆಂದು ಸೂಚಿಸಿದರು. ಇಂದು ಅಜ್ಜಿಯರೂ ಮೊಮ್ಮಕ್ಕಳಿಗೆ ಕಳುಹಿಸುವ ನಗುಮುಖಗಳ ಹಿಂದೆ ಈ ಚಿಕ್ಕ ಸೂಚನೆಯಿದೆ. ನಗುವವನು ತಾನು ನಗುತ್ತಿದ್ದೇನೆಂದು ಎದುರಿನವರಿಗೆ ತಿಳಿಸಬೇಕಾದ ಹೊಣೆ ಅವನದೇ ಎಂಬ ನೀತಿಯು ಆ ಮೂರು ಚಿಹ್ನೆಗಳಲ್ಲಡಗಿದೆ ಎಂದು ನಮಗೆ ತೋರುತ್ತದೆ.

ನಮ್ಮ ಕನ್ನಡಕ್ಕೆ ಬರೋಣ. ಕಂಪ್ಯೂಟರಿನಲ್ಲಿ ಕನ್ನಡವನ್ನು ನಡೆಸಲು ಹೊರಟವರಿಗೆ ವಿನೋದಕ್ಕೆ ಬಡತನವಿರಲಿಲ್ಲ. ಕನ್ನಡದ ಅಕ್ಷರಗಳು ಕೈಗೆಟುಕದಿದ್ದಾಗ ನಮ್ಮ ಮಕ್ಕಳು ರೋಮನ್ ಅಕ್ಷರಗಳಲ್ಲಿ ಕನ್ನಡವನ್ನು ಬರೆಯುತ್ತಿದ್ದರು, ಈಗಲೂ ಬರೆಯುವವರುಂಟು. ಆ ಬರೆಹದಲ್ಲಿ 'ಹಾಲು' ಎಂಬುದಕ್ಕೂ 'ಹಾಳು' ಎಂಬುದಕ್ಕೂ ಭೇದವಿಲ್ಲ. ನಮ್ಮ ಹಿರಿಯ ವಿದ್ಯಾರ್ಥಿನಿಯೊಬ್ಬಳು ಪಟ್ಟಣದಿಂದ ತಾಯಿಗೆ 'ತಂದ ಹಾಲೆಲ್ಲಾ ಮುಗಿಯಿತು' ಎಂದು ಬರೆದುದನ್ನು ಆ ತಾಯಿಯು 'ಹಾಳೆಲ್ಲಾ ಮುಗಿಯಿತು' ಎಂದು ಓದಿ, ಅನರ್ಥವೊಂದು ತೀರಿತೆಂದು ತಿಳಿದು, ದೇವರಿಗೆ ಸ್ತೋತ್ರ ಹೇಳಿದರಂತೆ. ಕೈಯಲ್ಲಿ ಹಿಡಿದಾಡಿಸುವ ಉಪಕರಣಕ್ಕೆ 'ಇಲಿ'ಯೆಂದು ಹೆಸರಿಟ್ಟು, 'ಇಲಿ ಸತ್ತಿತು, ಹೊಸದನ್ನು ಕಳುಹಿಸಿ' ಎಂದು ಕೇಳಿ ನಗಿಸುವವರೂ ಉಂಟು.

ಇನ್ನು ಶಾಲೆಯವರಿಗೆ ಅತಿ ಪರಿಚಿತವಾದ ಅರ್ಕಾವೊತ್ತಿನ ಕಥೆ. 'ರ‍್ಯಾಂಕ್' ಎಂದು ಬೆರಳಚ್ಚಿಸಹೊರಟರೆ ಯಂತ್ರವು ತನ್ನ ವ್ಯಾಕರಣವನ್ನು ಮೆರೆಯಿಸಿ 'ರ್ಯಾಂಕ್' ಎಂದು ಅರ್ಕಾವೊತ್ತನ್ನು ಹಾಕಿಬಿಡುತ್ತದೆ. ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ನಡುವೆ ಇಟ್ಟರೆ ಮಾತ್ರ ಅಕ್ಷರವು ಸರಿಯಾಗಿ ನಿಲ್ಲುತ್ತದೆ. "ರ‍್ಯಾಂಕ್ ಕೊಡುವವನು ಎಂದಿಗೂ ಕಣ್ಣಿಗೆ ಕಾಣುವುದಿಲ್ಲ ಟೀಚರ್" ಎಂದು ನಮ್ಮ ಒಬ್ಬ ಹಳೆಯ ವಿದ್ಯಾರ್ಥಿನಿಯು ಇದನ್ನು ನಮಗೆ ಕಲಿಸಿದಳು. ಆ ಮಾತು ನಗಿಸಿತು. ಅಷ್ಟೇ ಅಲ್ಲದೆ ಪಾಠವನ್ನು ಮರೆಯದಂತೆ ಮಾಡಿತು.

ಯಂತ್ರಪ್ರೀತಿಯೂ ವಿನೋದವೂ ಒಂದೇ ಮನೆಯಲ್ಲಿ ವಾಸಿಸಬಲ್ಲವೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ದೊಡ್ಡ ಸಾಕ್ಷಿಯುಂಟು. ಮೂಡಿಗೆರೆಯ ತೋಟದಲ್ಲಿ ಬಾಳಿ, 2007ರ ಏಪ್ರಿಲ್ 5ರಂದು ತೀರಿಕೊಂಡ ಶ್ರೀ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮರಾ, ಗಾಳ, ಕಂಪ್ಯೂಟರು ಇವೆಲ್ಲವನ್ನೂ ಒಂದೇ ಕುತೂಹಲದಿಂದ ಕೈಗೆತ್ತಿಕೊಂಡವರು. ಕಂಪ್ಯೂಟರಿನಲ್ಲಿ ಕನ್ನಡವು ತೊಡಕಿಲ್ಲದೆ ನಡೆಯಬೇಕೆಂದು ಬಹುವಾಗಿ ವಾದಿಸಿದವರು. ಅವರ 'ಕರ್ವಾಲೊ' ಕಾದಂಬರಿಯು 1980ರಲ್ಲಿ ಹೊರಬಂದಿತು. ಅದರಲ್ಲಿ ಊರವರೆಲ್ಲರೂ ದಡ್ಡನೆಂದು ನಗುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ನಿಸರ್ಗಜ್ಞನನ್ನು ಕಾಣುತ್ತಾನೆ. ಆ ಪುಸ್ತಕದ ತುಂಬ ನಗೆಯಿದೆ. ಆದರೆ ತಿಳಿದವನು ತಿಳಿಯದವನನ್ನು ಹೊರದೂಡುವ ನಗೆಯನ್ನು ಅದು ಮೆಚ್ಚುವುದಿಲ್ಲ.

ಆ ಬಗೆಯ ನಗೆಯ ಪೆಟ್ಟು ಎಂಥದೆಂಬುದನ್ನು ನಾವು ಸ್ವಂತ ಅನುಭವದಿಂದ ಬಲ್ಲೆವು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಉಪಾಧ್ಯಾಯಿನಿಯರಿಗೆಂದು ಒಂದೆಡೆ ಏರ್ಪಟ್ಟಿದ್ದ ಕಂಪ್ಯೂಟರ್ ತರಬೇತಿಗೆ ನಾವು ಹೋಗಿದ್ದೆವು. ಮಲೆನಾಡಿನಲ್ಲಿ ವಿದ್ಯುಚ್ಛಕ್ತಿಯು ಅತಿಥಿಯಂತೆ ಬಂದುಹೋಗುವುದಷ್ಟೆ. ಅಂದೂ ಹಾಗೆಯೇ ಹೋಗಿ, ಒಂದು ಗಂಟೆ ಕಷ್ಟಪಟ್ಟು ಬೆರಳಚ್ಚಿಸಿದ ಪ್ರಶ್ನಪತ್ರಿಕೆಯು ಮಾಯವಾಯಿತು. "ಆ ಅಕ್ಷರಗಳು ಎಲ್ಲಿಗೆ ಹೋದುವು?" ಎಂದು ನಾವು ಕೇಳಿದೆವು. ಕಲಿಸಲು ಬಂದಿದ್ದ ತರುಣರು ಒಬ್ಬರ ಮುಖವನ್ನೊಬ್ಬರು ನೋಡಿ, "ಕಾಫಿ ಕುಡಿಯಲು ಹೋಗಿರಬೇಕು" ಎಂದು ನಕ್ಕರು. ನಗುವವರ ಮುಂದೆ ಎಡವಿ ಬಿದ್ದಂತಾಯಿತು ನಮ್ಮ ಗತಿ. ಆಮೇಲೆ ಎರಡು ವರ್ಷ ನಾವು ಆ ಯಂತ್ರವನ್ನು ಮುಟ್ಟಲಿಲ್ಲ. ಪ್ರಶ್ನಪತ್ರಿಕೆಗಳನ್ನು ಕೈಯಿಂದಲೇ ಬರೆದೆವು.

ಕೊನೆಗೆ ನಮಗಿಂತ ಕಿರಿಯಳಾದ ಸಹೋದ್ಯೋಗಿಯೊಬ್ಬಳು ನಮ್ಮನ್ನು ಮತ್ತೆ ಆ ಯಂತ್ರದ ಮುಂದೆ ಕೂರಿಸಿ, "ನನ್ನದೂ ನಿನ್ನೆ ಹಾಗೆಯೇ ಹೋಯಿತಕ್ಕ, ಅತ್ತುಬಿಟ್ಟೆ" ಎಂದು ತಾನೇ ಮೊದಲು ನಕ್ಕಳು. ನಾವೂ ನಕ್ಕೆವು. ಅನಂತರ ಅವಳು ಹೇಳಿದಳು: ಬೆರಳಚ್ಚಿಸುವಾಗ ಅಕ್ಷರಗಳು ಇರುವುದು ವಿದ್ಯುತ್ತು ಇರುವವರೆಗೆ ಮಾತ್ರ ನಿಲ್ಲುವ ತಾತ್ಕಾಲಿಕ ಸ್ಮರಣೆಯಲ್ಲಿ, ಉಳಿಸು ಎಂದು ನಾವು ಅಪ್ಪಣೆ ಕೊಟ್ಟರೆ ಅವು ಡಿಸ್ಕಿಗೆ ಸೇರಿ, ದೀಪವಾರಿದರೂ ನಿಲ್ಲುತ್ತವೆ. ನಮ್ಮ ಪ್ರಶ್ನೆಗೆ ಇಷ್ಟು ಸರಳವಾದ, ಇಷ್ಟು ಸೊಗಸಾದ ಉತ್ತರವಿದ್ದಿತು. ಅದನ್ನು ಎರಡು ವರ್ಷ ನಮ್ಮಿಂದ ಮರೆಮಾಡಿದುದು ಒಂದು ನಗೆ. ಹಾಸ್ಯಕ್ಕೂ ಅಪಹಾಸ್ಯಕ್ಕೂ ಅಕ್ಷರದಲ್ಲಿ ಭೇದ ಎರಡೇ, ಫಲದಲ್ಲಿ ಅಜಗಜಾಂತರ.

ಇದು ನಮ್ಮೊಬ್ಬರ ದೂರಲ್ಲ. ಲಿನಕ್ಸ್ ತಂತ್ರಾಂಶದ ಕರ್ತೃವಾದ ಲೀನಸ್ ಟೋರ್ವಾಲ್ಡ್ಸರು ಜೊತೆಯ ಕೆಲಸಗಾರರಿಗೆ ಬರೆಯುತ್ತಿದ್ದ ಕಟುವಾದ ಕಾಗದಗಳನ್ನು ಅನೇಕರು ಬಹುಕಾಲ ರಸಿಕತೆಯೆಂದೇ ಹೊಗಳಿದರು. 2018ರ ಸೆಪ್ಟೆಂಬರಿನಲ್ಲಿ ಅವರೇ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಬೇಡಿ, ಕೆಲಕಾಲ ಕೆಲಸದಿಂದ ದೂರ ನಿಂತರು. ತಂತ್ರಾಂಶ ಬರೆಯುವವರು ಪರಸ್ಪರ ಪ್ರಶ್ನೋತ್ತರ ನಡೆಸುವ 'ಸ್ಟ್ಯಾಕ್ ಓವರ್‌ಫ್ಲೋ' 2008ರಲ್ಲಿ ಆರಂಭವಾಯಿತು. ತಮ್ಮಲ್ಲಿ ಹೊಸಬರಿಗೂ ಸ್ತ್ರೀಯರಿಗೂ ಸ್ವಾಗತ ಸಾಲದೆಂದು ಅದನ್ನು ನಡೆಸುವವರೇ 2018ರ ಏಪ್ರಿಲಿನಲ್ಲಿ ಬರೆದು ಒಪ್ಪಿಕೊಂಡರು. ತಪ್ಪನ್ನು ಒಪ್ಪಿಕೊಂಡ ಇವರನ್ನು ನಾವು ಹಳಿಯುವುದಿಲ್ಲ, ಗೌರವಿಸುತ್ತೇವೆ.

ಇದಕ್ಕೆ ಪ್ರತಿಯಾಗಿ ಕೆಲವರು ಹೇಳುವುದುಂಟು: "ಕೈಪಿಡಿಯಲ್ಲಿ ಬರೆದಿರುವುದನ್ನು ಓದದೆ ಕೇಳುವವರಿಗೆ ಎಷ್ಟು ಸಲ ಉತ್ತರ ಕೊಡುವುದು? ಒಂದು ಕುಚೋದ್ಯಕ್ಕೆ ಬಾಡುವವರು ಈ ಕೆಲಸಕ್ಕೆ ತಕ್ಕವರಲ್ಲ." ಈ ಮಾತಿನ ಮೊದಲರ್ಧದಲ್ಲಿ ಸತ್ಯವಿದೆ. ಪಾಠವನ್ನು ಓದದೆ ಪ್ರಶ್ನೆ ಕೇಳುವ ಸೋಮಾರಿತನವನ್ನು ಉಪಾಧ್ಯಾಯಿನಿಯರಿಗಿಂತ ಹೆಚ್ಚಾಗಿ ಬಲ್ಲವರಾರು? ಅಂಥವಳನ್ನು "ಮೊದಲು ಇಷ್ಟನೆಯ ಪುಟವನ್ನು ಓದಿ ಬಾ" ಎಂದು ಕಳುಹಿಸಬೇಕು. ಪುಟದ ಸಂಖ್ಯೆಯನ್ನು ಹೇಳಬೇಕು. ಎರಡನೆಯರ್ಧವನ್ನು ನಾವು ಒಪ್ಪಲಾರೆವು. ಅಪಹಾಸ್ಯಕ್ಕೆ ಹೆದರದಿರುವುದು ಒಂದು ಸಾಮರ್ಥ್ಯವಾದರೂ ಲೆಕ್ಕ ಮಾಡುವ ಸಾಮರ್ಥ್ಯ ಅದಲ್ಲ. ಎಂಟು ಹುಡುಗರ ನಡುವೆ ಒಬ್ಬಳೇ ಕುಳಿತ ಹುಡುಗಿಯನ್ನು ನಗೆಯಿಂದ ಪರೀಕ್ಷಿಸುವವರು ಅವಳ ಬುದ್ಧಿಯನ್ನು ಅಳೆಯುತ್ತಿಲ್ಲ, ಅವಳ ಒಂಟಿತನವನ್ನು ಅಳೆಯುತ್ತಿದ್ದಾರೆ. ಹೀಗೆ ಬಾಯಿ ಮುಚ್ಚಿಸಿಕೊಂಡವರಿಂದ ಎಷ್ಟು ಒಳ್ಳೆಯ ಪ್ರಶ್ನೆಗಳು ಲೋಕಕ್ಕೆ ನಷ್ಟವಾಗಿವೆಯೋ ಯಾರು ಬಲ್ಲರು?

ದೇವರಮನೆಯ ಆ ಪ್ರಶ್ನೆಯನ್ನೇ ನೋಡಿರಿ. ಮರುದಿನ ತರಗತಿಯಲ್ಲಿ ನಾವು, "ನಿನ್ನೆ ನಕ್ಕವರಲ್ಲಿ ಉತ್ತರ ಬಲ್ಲವರು ಎದ್ದು ನಿಲ್ಲಿರಿ" ಎಂದೆವು. ಒಬ್ಬರೂ ಏಳಲಿಲ್ಲ. ಕಂಬಳಿಯ ಮಾತಾಡಿದವಳೂ ಏಳಲಿಲ್ಲ. ಆಗ ವಿಜ್ಞಾನದ ಉಪಾಧ್ಯಾಯಿನಿಯವರು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದರು. ಮೊಬೈಲಿನ 900 ಮೆಗಾಹರ್ಟ್ಸಿನ ಅಲೆಯು ಸುಮಾರು 33 ಸೆಂಟಿಮೀಟರು ಉದ್ದದ್ದು. ಮಂಜಿನ ಹನಿಯು ಮಿಲಿಮೀಟರಿನ ನೂರರಲ್ಲೊಂದೆರಡು ಪಾಲಿನಷ್ಟೇ. ಇಷ್ಟು ಸಣ್ಣ ಹನಿಗಳು ಅಷ್ಟು ದೊಡ್ಡ ಅಲೆಯನ್ನು ತಡೆಯಲಾರವು. ತಡೆದುದು ಮಂಜಲ್ಲ, ಬೆಟ್ಟ. ಟವರಿಗೂ ನಮಗೂ ನಡುವೆ ನಿಂತ ಬೆಟ್ಟದ ಭುಜ. ಬಿಸಿಲಿದ್ದರೂ ಅಲ್ಲಿ ಹಾಗೆಯೇ ಆಗುತ್ತಿತ್ತು. ಹೀಗೆ, ನಕ್ಕವರೂ ನಗಿಸಿಕೊಂಡವಳೂ ಒಂದೇ ತಪ್ಪನ್ನು ನಂಬಿದ್ದರು. ನಿಜ ಹೇಳಬೇಕೆಂದರೆ ನಾವೂ ನಂಬಿದ್ದೆವು. ಭೇದವಿಷ್ಟೇ: ಅವಳು ಕೇಳಿದಳು, ಉಳಿದವರು ಕೇಳಲಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ಹೊಸ ಕಟ್ಟಳೆ ನಡೆದುಬಂದಿದೆ: ಪ್ರಶ್ನೆಯನ್ನು ಕೇಳಿ ನಕ್ಕವರು ಉತ್ತರ ಕೊಡತಕ್ಕದ್ದು. ಉತ್ತರ ತಿಳಿಯದಿದ್ದರೆ ಮರುದಿನದೊಳಗೆ ಹುಡುಕಿ ತರತಕ್ಕದ್ದು. ಇದರಿಂದ ನಗೆಯೇನೂ ಕಡಿಮೆಯಾಗಿಲ್ಲ. ಪುಸ್ತಕಭಂಡಾರಕ್ಕೆ ಹೋಗುವವರ ಸಂಖ್ಯೆ ಹೆಚ್ಚಿದೆ. ಕಂಬಳಿಯ ಮಾತಾಡಿದವಳು ಮೂರು ಸಲ ಸಿಕ್ಕಿಬಿದ್ದು, ಈಗ ತರಗತಿಯಲ್ಲಿ ಬಹಳ ತಿಳಿದವಳೆಂದು ಹೆಸರಾಗಿದ್ದಾಳೆ.

ದೂರದೂರುಗಳಲ್ಲಿ ಈ ಕೆಲಸದಲ್ಲಿರುವ ನಮ್ಮ ಹಿರಿಯ ವಿದ್ಯಾರ್ಥಿನಿಯರಿಗೂ ಇದೇ ನಮ್ಮ ವಿಜ್ಞಾಪನೆ. ನೀವು ನಗಿರಿ, ನಗಿಸಿರಿ; ಯಂತ್ರವನ್ನು ಕುರಿತು ನಗಿರಿ, ನಿಮ್ಮನ್ನು ನೀವೇ ಕುರಿತು ಇನ್ನೂ ಹೆಚ್ಚಾಗಿ ನಗಿರಿ. ಹೊಸಬಳೊಬ್ಬಳು ಅಂಜುತ್ತ ಬಂದು ಕೇಳಿದಾಗ ಮಾತ್ರ, ನಿಮ್ಮ ನಗೆಯೊಳಕ್ಕೆ ಅವಳಿಗೂ ದಾರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಿರಿ. ಇಲ್ಲವೆಂದು ತೋರಿದರೆ ಮೊದಲು ಉತ್ತರವನ್ನು ಕೊಡಿರಿ. ಆಮೇಲೆ ಅವಳೊಡನೆ ಕೂಡಿ ನಗಬಹುದು. ಅಂದು ಬಸ್ಸಿನಲ್ಲಿ ಮೌನವಾಗಿ ಕುಳಿತಿದ್ದವಳು ಕಳೆದ ವಾರ ನಮ್ಮ ಕೊಠಡಿಯ ಬಾಗಿಲಿಗೆ ಬಂದು, "ಟೀಚರ್, ಹಾಗಾದರೆ ಮಳೆಗಾಲದಲ್ಲಿ ಮನೆಯ ಟಿ. ವಿ.ಯ ಚಿತ್ರ ಏಕೆ ಹೋಗುತ್ತದೆ?" ಎಂದು ಕೇಳಿದಳು. ಅದರ ಅಲೆಗಳು ಎರಡು ಮೂರು ಸೆಂಟಿಮೀಟರಿನವು, ಮಳೆಯ ಹನಿಗಳು ಮಂಜಿನ ಹನಿಗಳಿಗಿಂತ ಬಹು ದೊಡ್ಡವು ಎಂಬುದನ್ನು ನಾವೇ ಹುಡುಕಿ ತಿಳಿದು ಅವಳಿಗೆ ಹೇಳಬೇಕಾಯಿತು. ಏಕೆಂದರೆ ಅವಳ ಪ್ರಶ್ನೆಯನ್ನು ಕೇಳಿ ಸಂತೋಷದಿಂದ ನಾವು ನಕ್ಕುಬಿಟ್ಟಿದ್ದೆವು. ಕಟ್ಟಳೆಯು ನಮಗೂ ಅನ್ವಯಿಸುತ್ತದಷ್ಟೆ.